ಘಟ್ಟದ ಬಾಬ್ತು

ಬೆಂಗಳೂರಿಗೂ ಮಂಗಳೂರಿಗೂ ನಡುವಣ ದೂರವೆಷ್ಟೆಂದು ಯಾರಾದರೂ ಕೇಳಿದರೆ, ಎಂಬತ್ತನ್ನು ದಾಟಿದ ಈ ವಯಸ್ಸಿನಲ್ಲಿಯೂ ನನಗೆ ಥಟ್ಟನೆ ಉತ್ತರ ಕೊಡಲಾಗುವುದಿಲ್ಲ. ಈಚೆಗೆ ವಿಮಾನ ನಿಲ್ದಾಣದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಮೊಮ್ಮಗನು ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಅಜ್ಜ, ಮುನ್ನೂರ ಆರು ಕಿಲೋಮೀಟರು, ಒಂದು ಗಂಟೆ ಐದು ನಿಮಿಷ" ಎಂದು ಓದಿ ಹೇಳಿ, ಈ ವಿಷಯದಲ್ಲಿ ಇನ್ನು ತಿಳಿಯತಕ್ಕುದೇನೂ ಉಳಿದಿಲ್ಲವೆಂಬ ನೆಮ್ಮದಿಯಿಂದ ಅದನ್ನು ಜೇಬಿಗೆ ಸೇರಿಸಿದನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಅಂತರವನ್ನು ಒಬ್ಬ ಹಳ್ಳಿಯ ಉಪಾಧ್ಯಾಯರು ಎಪ್ಪತ್ತು ವರ್ಷಗಳಿಗೂ ಹಿಂದೆ ಸೀಮೆಸುಣ್ಣ ಹಿಡಿದು ಗುಣಿಸಿ ತೆಗೆದುದನ್ನೂ, ಆ ಲೆಕ್ಕದ ಕೆಳಗೆ ಗೆರೆಯೆಳೆದು ಯಾವ ಭೂಪಟದಲ್ಲಿಯೂ ಕಾಣದ ಇನ್ನೊಂದು ಬಾಬ್ತನ್ನು ಬರೆದುದನ್ನೂ ಕಣ್ಣಾರೆ ಕಂಡವನಾದ್ದರಿಂದ, ಅವನ ಉತ್ತರವು ನನಗೆ ಅರ್ಧ ಮಾಡಿ ಬಿಟ್ಟ ಲೆಕ್ಕದಂತೆ ತೋರಿತು.

ಆ ಉಪಾಧ್ಯಾಯರು ನನ್ನ ತಂದೆಯವರೇ. ಊರವರ ಬಾಯಲ್ಲಿ ಅವರು ಯಾವತ್ತೂ 'ಮಾಷ್ಟ್ರು'. ನಮ್ಮ ಮನೆಯಿದ್ದುದು ಕಟೀಲಿನಿಂದ ಬಜಪೆಯ ಕಡೆಗೆ ಹೋಗುವ ದಾರಿಯಲ್ಲಿ, ಮೂರು ಕಡೆ ಗುಡ್ಡ, ಒಂದು ಕಡೆ ಗದ್ದೆಯ ಬೈಲು ಇರುವ ಒಂದು ಗುಂಡಿಯಲ್ಲಿ. ನಮ್ಮ ಸೀಮೆಯ ಗುಡ್ಡಗಳಿಗೆ ಸಾಮಾನ್ಯವಾಗಿ ಶಿಖರವೆಂಬುದಿಲ್ಲ. ಏರಿ ಹೋದವನಿಗೆ ಮೇಲೆ ಸಿಕ್ಕುವುದು ಮುರಕಲ್ಲಿನ ಹಾಸು, ಮುಳಿಹುಲ್ಲು, ಗಾಳಿ. ಅದನ್ನು ಪದವು ಎನ್ನುತ್ತಾರೆ. ದನ ಮೇಯಿಸುವುದಕ್ಕೂ ಮುಳಿ ಕೊಯ್ಯುವುದಕ್ಕೂ ಹೊರತಾಗಿ ಬೇರೆ ಯಾವ ಪ್ರಯೋಜನಕ್ಕೂ ಒದಗದೆ ಬಿದ್ದಿದ್ದ ಅಂತಹದೊಂದು ಪದವನ್ನು ಸಮ ಮಾಡಿ ವಿಮಾನವಿಳಿಯುವ ದಾರಿಯನ್ನು ನಿರ್ಮಿಸುತ್ತಿದ್ದಾರೆಂಬ ಸುದ್ದಿ ಬಂದಾಗ ನನಗೆ ಎಂಟು ವರ್ಷ. 1951ನೆಯ ಇಸವಿ ಡಿಸೆಂಬರ್ 25ನೆಯ ತಾರೀಖು ಜವಾಹರಲಾಲ್ ನೆಹರೂ ಅವರು ಕುಳಿತಿದ್ದ ಡಕೋಟಾ ವಿಮಾನವು ಬಜಪೆಯ ಪದವಿನ ಮೇಲೆ ಬಂದಿಳಿದು ಆ ನಿಲ್ದಾಣಕ್ಕೆ ನಾಂದಿಯಾಯಿತು.

ತಂದೆಯವರು ಶಾಲೆಯ ಮಕ್ಕಳನ್ನು ಸಾಲು ಮಾಡಿಕೊಂಡು ಗುಡ್ಡ ಹತ್ತಿಸಿ ಕರೆದೊಯ್ದಿದ್ದರು. ಹಗ್ಗ ಕಟ್ಟಿದ ಆಚೆಗೆ ಸಿಪಾಯಿಗಳು, ಈಚೆಗೆ ಊರಿಗೆ ಊರೇ. ಮೊದಲು ಸದ್ದು ಬಂದಿತು, ಅನಂತರ ಆಕಾರ. ನೆಲ ಮುಟ್ಟಿ ಕೆಂಪು ದೂಳನ್ನೆಬ್ಬಿಸುತ್ತ ಓಡಿ ನಿಂತ ಮೇಲೆ ನೋಡಿದರೆ, ಬಾಲವನ್ನು ನೆಲಕ್ಕೂರಿ ಮೂಗನ್ನು ಮೇಲೆತ್ತಿ ಕುಳಿತ ನಾಯಿಯಂತೆ ಕಾಣುತ್ತಿದ್ದ ಆ ಯಂತ್ರವನ್ನು ಕಂಡು ನಾವು ಹುಡುಗರು ನಕ್ಕುಬಿಟ್ಟೆವು. ಜನವೆಲ್ಲ ಜಯಕಾರ ಹಾಕುತ್ತ ಪ್ರಧಾನಮಂತ್ರಿಗಳ ಕಡೆಗೆ ಕತ್ತು ಚಾಚುತ್ತಿರಲು, ತಂದೆಯವರು ಮಾತ್ರ ಅಂಗಿಯ ಜೇಬಿನಿಂದ ಗಡಿಯಾರವನ್ನು ತೆಗೆದು ನೋಡಿಕೊಂಡು, ಯಾರನ್ನು ಕೇಳಿದರೆ ತಿಳಿದೀತೆಂದು ಅತ್ತಿತ್ತ ಕಣ್ಣಾಡಿಸುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ ಸಂಗತಿ: ಅದು ಎಷ್ಟು ಹೊತ್ತಿಗೆ ಹೊರಟಿತು ಎಂಬುದು. ಹೇಳುವವರಾರೂ ಇರಲಿಲ್ಲ. ಗಡಿಯಾರವನ್ನು ಹಿಂದಕ್ಕೆ ಹಾಕಿಕೊಂಡು ಅವರು ನಿಟ್ಟುಸಿರು ಬಿಟ್ಟದ್ದು ನನಗೆ ನೆಹರೂ ಅವರ ಮುಖಕ್ಕಿಂತ ಹೆಚ್ಚು ಸ್ಪಷ್ಟವಾಗಿ ನೆನಪಿದೆ.

ರಜೆ ಮುಗಿದು ಶಾಲೆ ತೆರೆದ ದಿನ ಭೂಗೋಳದ ಪಾಠವಾಯಿತು. ಬೆಂಗಳೂರಿನಿಂದ ವಿಮಾನವೊಂದು ಹೊರಟು ನಮ್ಮ ಊರಿಗೆ ಬರುವುದಾದರೆ ಎಷ್ಟು ದೂರ ಬರಬೇಕು? ತಂದೆಯವರು ಮೊದಲು ಗೋಡೆಯ ಭೂಪಟದ ಮೇಲೆ ನೂಲನ್ನಿಟ್ಟು ಅಳೆದು ತೋರಿಸಿ, ಇದು ಹುಡುಗರ ಲೆಕ್ಕ ಎಂದರು. ಬಳಿಕ ಕರಿಹಲಗೆಯ ಮೇಲೆ ದೊಡ್ಡವರ ಲೆಕ್ಕವನ್ನು ಪ್ರಾರಂಭಿಸಿದರು. ಎರಡು ಊರುಗಳೂ ಹೆಚ್ಚುಕಡಮೆ ಹದಿಮೂರನೆಯ ಅಕ್ಷಾಂಶದ ಮೇಲೆಯೇ ಇರುವುದರಿಂದ ತೆಂಕಣ ಬಡಗಣ ಭೇದವನ್ನು ಗಣನೆಗೆ ತಂದುಕೊಳ್ಳಬೇಕಾಗಿಲ್ಲ; ರೇಖಾಂಶದಲ್ಲಿ ಮಾತ್ರ ಎರಡು ಮುಕ್ಕಾಲು ಡಿಗ್ರಿಯ ಅಂತರವುಂಟು. ಎರಡು ಮುಕ್ಕಾಲು ಡಿಗ್ರಿಯೆಂದರೆ 165 ಕಲೆ. ಭೂಮಧ್ಯರೇಖೆಯ ಮೇಲಾದರೆ ಒಂದು ಕಲೆಗೆ ಒಂದು ಕಡಲ ಮೈಲಿ. ಆದರೆ ಉತ್ತರಕ್ಕೆ ಹೋದಂತೆಲ್ಲ ರೇಖಾಂಶಗಳು ಒಂದಕ್ಕೊಂದು ಹತ್ತಿರ ಸರಿಯುವುದರಿಂದ ನಮ್ಮ ಸೀಮೆಯಲ್ಲಿ ಆ 165 ಕುಗ್ಗಿ 161 ಆಗುತ್ತದೆ. ಅದನ್ನು ನೆಲದ ಮೈಲಿಗೆ ಇಳಿಸಿದರೆ 185. ಹೀಗೆ ಹೇಳುತ್ತ, ಸುಲಿದ ಕಿತ್ತಳೆಯ ತೊಳೆಗಳನ್ನು ಕೈಯಲ್ಲಿ ಹಿಡಿದು, ನಡುವಿನಲ್ಲಿ ದಪ್ಪವಾಗಿದ್ದುದು ತುದಿಯಲ್ಲಿ ಸಣ್ಣದಾಗುವುದನ್ನು ತೋರಿಸಿ, ಕೊನೆಗೆ ಆ ತೊಳೆಗಳನ್ನು ಮುಂದಿನ ಸಾಲಿನ ಹುಡುಗರಿಗೆ ಹಂಚಿದರು. ಮೂರನೆಯ ಸಾಲಿನಲ್ಲಿದ್ದ ನನಗೆ ದಕ್ಕಿದ್ದು ಲೆಕ್ಕ ಮಾತ್ರ.

ಅದೇ ಪಾಠದಲ್ಲಿ ಅವರು ಲ್ಯಾಂಬ್ಟನ್ನನ ಕಥೆಯನ್ನೂ ಹೇಳಿದರು. ಟಿಪ್ಪುಸುಲ್ತಾನನು ಮಡಿದ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ಈ ಸೈನಿಕನಿಗೆ ಮೋಹವಿದ್ದುದು ರೇಖಾಗಣಿತದಲ್ಲಿ. ಚೀನಾದ ಚಕ್ರವರ್ತಿಗೆಂದು ಆಂಗ್ಲ ರಾಯಭಾರಿಯು ಒಯ್ದು, ಅಲ್ಲಿ ಸಲ್ಲದೆ ಹಿಂದಿರುಗಿದ್ದ ಉಡುಗೊರೆಗಳಲ್ಲಿ ಒಂದಾದ ನೂರು ಅಡಿಯ ಉಕ್ಕಿನ ಸರಪಳಿಯು ಇವನ ಕೈಗೆ ಬಂದು ಸೇರಿತು. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಅದನ್ನು ಹಾಸಿ ಅಳತೆಯ ಪರೀಕ್ಷೆ ನಡೆಸಿ, 1802ರಲ್ಲಿ ಮದರಾಸಿನ ಪರಂಗಿಬೆಟ್ಟದ ಬಳಿ ಮೊದಲ ಆಧಾರರೇಖೆಯನ್ನು ಎಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಅವನ ಮೋಜಣಿಯು ಮಂಗಳೂರಿನ ಕಡಲನ್ನು ಮುಟ್ಟಿತು. ಮುಟ್ಟಿದಾಗ ಏನಾಯಿತು? ಅದುವರೆಗಿನ ಭೂಪಟಗಳು ಈ ಕಡಲಿನಿಂದ ಆ ಕಡಲಿಗೆ ನಾನೂರು ಮೈಲಿಯೆಂದು ಸಾರುತ್ತಿದ್ದ ಅಂತರವು ನಿಜವಾಗಿ ಮುನ್ನೂರ ಅರುವತ್ತೇ ಎಂದು ಹೊರಬಿದ್ದಿತು. ಇಷ್ಟು ಹೇಳಿ ತಂದೆಯವರು ಸೀಮೆಸುಣ್ಣವನ್ನು ಕೆಳಗಿಟ್ಟು, ಕೈದೂಳನ್ನು ಜಾಡಿಸಿ, "ಸರ್ಕಾರಕ್ಕೆ ನಲವತ್ತು ಮೈಲಿ ನಷ್ಟವಾಯಿತು. ಆದರೆ ಮೂಟೆ ಹೊತ್ತು ಘಟ್ಟ ಹತ್ತುವವನಿಗೆ ಒಂದು ಹೆಜ್ಜೆಯೂ ಕಡಮೆಯಾಗಲಿಲ್ಲ" ಎಂದರು. ಆ ಮಾತಿಗೆ ನಾವು ನಕ್ಕೆವು. ಅದು ನಗುವ ಮಾತೇನೂ ಅಲ್ಲವೆಂಬುದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಇನ್ನೊಂದು ಲೆಕ್ಕ ಉಳಿದಿತ್ತು. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾಗುವುದರಿಂದ, ಎರಡು ಮುಕ್ಕಾಲು ಡಿಗ್ರಿಗೆ ಹನ್ನೊಂದು ನಿಮಿಷ. ಎಂದರೆ ಬೆಂಗಳೂರಿನಲ್ಲಿ ಹುಟ್ಟಿದ ಸೂರ್ಯನು ನಮ್ಮ ಊರಿಗೆ ಬರುವುದು ಹನ್ನೊಂದು ನಿಮಿಷ ತಡವಾಗಿ. ಗಂಟೆಗೆ ಸಾವಿರ ಮೈಲಿಯ ವೇಗದ ಈ ಪ್ರಯಾಣಿಕನನ್ನು ಯಾವ ಡಕೋಟಾ ಹಿಂದೆ ಹಾಕೀತು? ಇಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದುನಿಂತು, "ನಮ್ಮ ಮನೆಗೆ ಬಿಸಿಲು ಬರುವಾಗ ದನ ಗುಡ್ಡೆಗೆ ಹೋಗಿ ಆಗಿರ್ತದೆ ಮಾಷ್ಟ್ರೆ" ಎಂದನು. ಬೇರೆ ಉಪಾಧ್ಯಾಯರಾಗಿದ್ದರೆ ಕುಳ್ಳಿರಿಸುತ್ತಿದ್ದರು. ತಂದೆಯವರು ಯೋಚಿಸಿದರು. ಮುಂದಿನ ಭಾನುವಾರ, ಎಂದರೆ 1952ರ ಜನವರಿಯ ಮೊದಲ ಭಾನುವಾರ, ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು, ಬೆಂಗಳೂರಿನ ಸೂರ್ಯೋದಯದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ನಮ್ಮ ಅಂಗಳದ ತುಳಸಿಕಟ್ಟೆಯ ಮುಂದೆ ಗಡಿಯಾರ ಹಿಡಿದು ಕುಳಿತರು. ಮೂಡಣ ಗುಡ್ಡದ ನೆತ್ತಿಯನ್ನು ದಾಟಿ ಮೊದಲ ಬಿಸಿಲು ಕಟ್ಟೆಯ ಮೇಲೆ ಬಿದ್ದಾಗ, ಹನ್ನೊಂದು ನಿಮಿಷಗಳು ಕಳೆದು ಮೇಲೆ ಇನ್ನೂ ಹದಿನೆಂಟು ನಿಮಿಷಗಳಾಗಿದ್ದುವು. ಒಳಗೆ ಹೋಗಿ ತಮ್ಮ ಲೆಕ್ಕದ ಪುಸ್ತಕವನ್ನು ತೆರೆದು ಅವರು ಬರೆದುದು ಹೀಗೆ: 'ಸೂರ್ಯ, ಬೆಂಗಳೂರಿನಿಂದ ನಮ್ಮ ಅಂಗಳಕ್ಕೆ. ಗಣಿತದ ಪ್ರಕಾರ 11 ನಿಮಿಷ. ಘಟ್ಟದ ಬಾಬ್ತು 18 ನಿಮಿಷ.' ಅದು ಘಟ್ಟವಲ್ಲ, ನಮ್ಮ ಹಿಂದಿನ ಗುಡ್ಡ ಎಂದು ಅಮ್ಮ ಹೇಳಿದರೆ, "ಗುಡ್ಡವೂ ಘಟ್ಟದ ಮರಿಯೇ" ಎಂದು ಉತ್ತರಿಸಿದರು.

ಆ ಕಾಲದಲ್ಲಿ ನಮಗೆ ಬೆಂಗಳೂರು ಎಂಬುದು ಪರದೇಶಕ್ಕೆ ಸಮವಾಗಿತ್ತು. ನಮ್ಮ ಜಿಲ್ಲೆ ಮದರಾಸು ಸಂಸ್ಥಾನಕ್ಕೆ ಸೇರಿತ್ತು. ಕೋರ್ಟು ಕಚೇರಿ ಓದು ಉದ್ಯೋಗಗಳಿಗೆಲ್ಲ ಮುಖ ಮಾಡುತ್ತಿದ್ದುದು ಮದರಾಸಿನ ಕಡೆಗೆ. 1907ರಿಂದಲೇ ಮಂಗಳೂರಿಗೆ ರೈಲು ಬಂದಿದ್ದರೂ ಅದು ಹೋಗುತ್ತಿದ್ದುದು ತೆಂಕಣಕ್ಕೆ. ರೈಲಿನಲ್ಲಿಯೇ ಬೆಂಗಳೂರಿಗೆ ಹೋಗುತ್ತೇನೆಂದು ಹಟ ಹಿಡಿದವನು ಷೊರನೂರು, ಪಾಲಘಾಟು, ಈರೋಡು, ಸೇಲಂ, ಜೋಲಾರುಪೇಟೆಗಳನ್ನೆಲ್ಲ ಪ್ರದಕ್ಷಿಣೆ ಮಾಡಿಕೊಂಡು, ಮೂಗನ್ನು ತಲೆಯ ಹಿಂದಿನಿಂದ ಕೈ ಬಳಸಿ ಹಿಡಿದಂತೆ, ಹಿಂದುಗಡೆಯಿಂದ ಬೆಂಗಳೂರನ್ನು ಪ್ರವೇಶಿಸಬೇಕಾಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವೆಲ್ಲ ಒಂದೇ ಸರ್ಕಾರದ ಕೆಳಗೆ ಬಂದೆವಾದರೂ ಘಟ್ಟವು ತನ್ನ ಸ್ಥಳದಲ್ಲಿಯೇ ಉಳಿದುಕೊಂಡಿತು. ನಾನು ಬೆಂಗಳೂರಿನಲ್ಲಿ ನೌಕರಿಗೆ ಸೇರಲೆಂದು ಬಸ್ಸು ಹತ್ತಿ ಹೊರಟ ದಿನ, ಬೆಳಗ್ಗೆ ಉಂಡ ಗಂಜಿ ಘಟ್ಟದ ತಿರುವುಗಳಲ್ಲಿ ಒಳಗೆ ನಿಲ್ಲಲಾರದೆ ಹೋದದ್ದೂ, ಸಕಲೇಶಪುರದಲ್ಲಿ ಇಳಿದು ಮುಖ ತೊಳೆದಾಗ ನೀರು ಎಷ್ಟು ತಣ್ಣಗಿತ್ತೆಂಬುದೂ, ಇಲ್ಲಿಂದಾಚೆಗೆ ತುಳು ಮಾತನಾಡಿದರೆ ತಿಳಿಯುವವರಿಲ್ಲ ಎಂದು ಆ ತಣ್ಣೀರಿನಲ್ಲಿ ಒಮ್ಮೆಲೇ ಹೊಳೆದದ್ದೂ ನನಗೆ ಇಂದಿಗೂ ಮಾಸಿಲ್ಲ. ಊರಿಗೆ ಬಂದಾಗಲೆಲ್ಲ ತಂದೆಯವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಹೊತ್ತು ಹಿಡಿಯಿತು ಮಾರಾಯ?" ಉತ್ತರವು ಪುಸ್ತಕಕ್ಕೆ ಏರುತ್ತಿತ್ತು. ದೂರ ಎಂದೆಂದಿಗೂ 185. ಬದಲಾಗುತ್ತಿದ್ದುದು ಘಟ್ಟದ ಬಾಬ್ತು ಮಾತ್ರ.

ನಾನು ಮೊಟ್ಟಮೊದಲು ವಿಮಾನವೇರಿದುದು 1980ರ ಜುಲೈ ತಿಂಗಳಿನಲ್ಲಿ. ಹಾಸನ ಮಂಗಳೂರುಗಳ ನಡುವಣ ರೈಲುಮಾರ್ಗವು ಹಿಂದಿನ ವರ್ಷವಷ್ಟೆ ಮುಗಿದು, ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಐವತ್ತೈದು ಕಿಲೋಮೀಟರಿನಲ್ಲಿಯೇ ಐವತ್ತೇಳು ಸುರಂಗಗಳನ್ನು ಕೊರೆದಿದ್ದಾರೆಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲವದು. ಆದರೆ ಬೆಳಗ್ಗೆ ಹತ್ತು ಗಂಟೆಗೆ ಕಚೇರಿಗೆ ಬಂದ ತಂತಿಯಲ್ಲಿ ತಂದೆಯವರಿಗೆ ತೀವ್ರ ಅಸ್ವಾಸ್ಥ್ಯವೆಂದೂ ಕೂಡಲೆ ಹೊರಡಬೇಕೆಂದೂ ಇತ್ತು. ರೈಲನ್ನೂ ಬಸ್ಸನ್ನೂ ನೆಚ್ಚುವ ತಾಳ್ಮೆ ನನ್ನಲ್ಲಿರಲಿಲ್ಲ. ತಿಂಗಳ ಸಂಬಳದ ದೊಡ್ಡ ತುಂಡೊಂದನ್ನು ಟಿಕೆಟ್ಟಿಗೆ ಸಲ್ಲಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಮನೆಯಿಂದ ಹೊರಟು, ಎಚ್.ಎ.ಎಲ್. ವಿಮಾನ ನಿಲ್ದಾಣವನ್ನು ಸೇರಿದೆನು. ಎರಡು ಪಂಖಗಳ ಆವ್ರೊ ವಿಮಾನ. ನಲವತ್ತು ಚಿಲ್ಲರೆ ಆಸನಗಳು. ಚಕ್ರಕ್ಕೆ ಕೊಟ್ಟಿದ್ದ ಮರದ ಅಡ್ಡೆಯನ್ನು ಒಬ್ಬ ಹುಡುಗನು ಹಗ್ಗ ಹಿಡಿದು ಎಳೆದು ಹೆಗಲಿಗೆ ಹಾಕಿಕೊಂಡು ಓಡಿದುದನ್ನು ಕಿಟಕಿಯಿಂದ ಕಂಡೆ. ಎರಡೂವರೆಗೆ ನೆಲ ಬಿಟ್ಟೆವು.

ನೆಟ್ಟಗೆ ಪಡುವಣಕ್ಕೆ ಹಾರುವ ಆ ದಾರಿಯಲ್ಲಿ ಹಾಸನವೂ ಸಕಲೇಶಪುರವೂ ಹೆಚ್ಚುಕಡಮೆ ಒಂದೇ ಗೆರೆಯ ಮೇಲೆ ಬರುತ್ತವೆ. ಹಾಸನದವರೆಗೆ ಮೋಡಗಳ ಸಂದಿಯಲ್ಲಿ ಕೆರೆಗಳು ತಗಡಿನ ತುಂಡುಗಳಂತೆ ಮಿಂಚುತ್ತಿದ್ದುವು. ಅಲ್ಲಿಂದಾಚೆಗೆ ಘಟ್ಟವಿರಬೇಕಾದೆಡೆಯಲ್ಲಿ ಘಟ್ಟವಿರಲಿಲ್ಲ; ಒಂದೇ ಸಮನಾದ ಬೂದುಬಣ್ಣದ ಮೋಡವೊಂದು ಅದನ್ನು ನುಂಗಿ ಮಲಗಿತ್ತು. ಸಣ್ಣಂದಿನಿಂದ ನನ್ನ ಹೊಟ್ಟೆಯನ್ನು ತೊಳಸಿ ಕಾಡಿದ್ದ ಅಷ್ಟೂ ತಿರುವುಗಳು, ಅಷ್ಟೂ ಇಳಿಜಾರುಗಳು ಹತ್ತು ನಿಮಿಷಗಳಲ್ಲಿ ಕಾಲಡಿಗೆ ಸರಿದು ಹೋಗುತ್ತಿರಲು, ತಂದೆಯವರ ಪುಸ್ತಕದಲ್ಲಿ ಇದೊಂದು ಸಲವಾದರೂ ಘಟ್ಟದ ಬಾಬ್ತಿಗೆ ಸೊನ್ನೆ ಬರೆಯಿಸುತ್ತೇನೆಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ವಿಮಾನವು ಬಜಪೆಯ ಮೇಲೆ ಬಂದಿತು.

ಬಂದಿತು, ಆದರೆ ಇಳಿಯಲಿಲ್ಲ. ಆಟಿಯ ಮಳೆ. ಪದವಿನ ನೆತ್ತಿಗೆ ಮೋಡ ಕವಿದುಕೊಂಡಿತ್ತು. ವಿಮಾನವು ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು. ಕೆಳಗಿಳಿಯುವಂತೆ ಮಾಡಿ ಮತ್ತೆ ಗರ್ಜಿಸುತ್ತ ಮೇಲಕ್ಕೇರಿತು. ಮೂರನೆಯ ಸುತ್ತಿನಲ್ಲಿ ಮೋಡವು ಒಂದು ಕಡೆ ಹರಿದು, ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ನನಗೆ ನೆಲ ಕಂಡಿತು: ಹಸುರು ಬೈಲು, ಅದರ ನಡುವೆ ಕೆಂಪಗೆ ಉಕ್ಕುವ ತೋಡು, ಗೊರಬು ಹೊದ್ದು ಬಗ್ಗಿ ನೇಜಿ ನೆಡುತ್ತಿದ್ದವರ ಒಂದು ಸಾಲು, ಕಪ್ಪು ಚುಕ್ಕೆಗಳಂತೆ. ಅದು ನಮ್ಮದೇ ಬೈಲೋ ಅಲ್ಲವೋ ನಾನು ಆಣೆಯಿಟ್ಟು ಹೇಳಲಾರೆ. ಆದರೆ ಅಲ್ಲಿಂದ ನಮ್ಮ ಮನೆಯ ಚಾವಡಿಗೆ ಹೆಚ್ಚೆಂದರೆ ನಾಲ್ಕಾರು ಮೈಲಿ. ಮೇಲಿನಿಂದ ಕೆಳಕ್ಕೆ ಅಳೆದರೆ ಅರ್ಧ ಮೈಲಿಯೂ ಇರಲಿಕ್ಕಿಲ್ಲ. ಕಾಯಿಲೆಯ ತಂದೆಗೆ ಆ ಹೊತ್ತಿನಲ್ಲಿ ವಿಮಾನದ ಸದ್ದು ಕೇಳಿಸುತ್ತಿರಬಹುದೆಂದು ನೆನೆದು ನನ್ನ ಕೈಗಳು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡುವು. ಅರ್ಧ ಗಂಟೆ ಹೀಗೆ ಸುತ್ತಿದ ಮೇಲೆ, ಹವಾಮಾನವು ಪ್ರತಿಕೂಲವಾಗಿರುವ ಕಾರಣ ಬೆಂಗಳೂರಿಗೆ ಹಿಂದಿರುಗುತ್ತಿದ್ದೇವೆಂಬ ಮಾತು ಬಂದಿತು. ಪಡುವಣ ಗಾಳಿಯು ಈಗ ಬೆನ್ನಿಗಿದ್ದುದರಿಂದ ಹಿಂದಕ್ಕೆ ಇನ್ನೂ ಬೇಗನೆ ಬಂದೆವು. ಮುನ್ನೂರೆಪ್ಪತ್ತು ಮೈಲಿ ಹಾರಿ, ಹೊರಟ ಸ್ಥಳದಲ್ಲಿಯೇ ಇಳಿದೆನು. ಅದೇ ಹುಡುಗ, ಅದೇ ಮರದ ಅಡ್ಡೆ.

ಆ ರಾತ್ರಿ ಬಸ್ಸು ಹಿಡಿದುದು, ಶಿರಾಡಿಯಲ್ಲಿ ಗುಡ್ಡ ಜರಿದು ದಾರಿ ಕಟ್ಟಿದ್ದುದು, ಲಾರಿಗಳ ಸಾಲಿನ ಹಿಂದೆ ನಡುರಾತ್ರಿಯಿಂದ ಬೆಳಗಿನವರೆಗೆ ಮಳೆಯ ಸದ್ದನ್ನು ಕೇಳುತ್ತ ಕುಳಿತುದು ಇವನ್ನೆಲ್ಲ ವಿಸ್ತರಿಸಿ ಬರೆಯಬೇಕಾಗಿಲ್ಲ. ಘಟ್ಟದ ಕೆಳಗಿನವರಾಗಿ ಬೆಂಗಳೂರಿನಲ್ಲಿ ಅನ್ನ ಹುಡುಕಿದವರೆಲ್ಲರಿಗೂ ಅಂತಹದೊಂದು ರಾತ್ರಿ ಲೆಕ್ಕಕ್ಕೆ ಇದ್ದೇ ಇರುತ್ತದೆ. ಮರುದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ, ಮೊಣಕಾಲಿನವರೆಗೆ ಕೆಸರಾಗಿ, ಎದೆ ಡವಗುಟ್ಟುತ್ತಿರಲು ನಾನು ಅಂಗಳವನ್ನು ಹೊಕ್ಕೆ. ಚಾವಡಿಯಲ್ಲಿ ಜನ ಸೇರಿರಲಿಲ್ಲ. ಗೋಡೆಗೆ ದಿಂಬನ್ನೊರಗಿಸಿ ಕುಳಿತಿದ್ದ ತಂದೆಯವರು, ಅಮ್ಮ ಹಿಡಿದಿದ್ದ ಬಟ್ಟಲಿನಿಂದ ಗಂಜಿಯ ತೆಳಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಜ್ವರವು ಹಿಂದಿನ ಸಂಜೆಯೇ ಇಳಿದಿತ್ತಂತೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಟ್ಟಲನ್ನು ಕೈಯಿಂದ ಸರಿಸಿ, ಕ್ಷೀಣವಾದ ಸ್ವರದಲ್ಲಿ ಅವರು ಆಡಿದ ಮೊದಲ ಮಾತು, "ಎಷ್ಟು ಹೊತ್ತು ಹಿಡಿಯಿತು ಮಾರಾಯ?"

"ಹಾರಿದ್ದು ಐವತ್ತೈದು ನಿಮಿಷ ಅಪ್ಪ. ಬಂದದ್ದು ಇಪ್ಪತ್ತನಾಲ್ಕು ಗಂಟೆ."

ಅವರು ಕಣ್ಣು ಮುಚ್ಚಿದರು. ನಿದ್ದೆ ಬಂದಿತೆಂದು ನಾನು ಭಾವಿಸಿದೆ, ಅವರು ಕಳೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಪುಸ್ತಕವನ್ನು ತರಿಸಿ, ತಾವು ಹೇಳುತ್ತ ನನ್ನ ಕೈಯಿಂದಲೇ ಬರೆಯಿಸಿದರು: 'ದೂರ 185 ಮೈಲಿ. ವಿಮಾನ 55 ನಿಮಿಷ. ಘಟ್ಟದ ಬಾಬ್ತು 23 ಗಂಟೆ 5 ನಿಮಿಷ.' ಆಮೇಲೆ, ಗಂಟೆಗೆ ಎಂಟು ಮೈಲಿಯೂ ಬೀಳುವುದಿಲ್ಲವೆಂದು ಲೆಕ್ಕ ಹಾಕಿ, "ಸೈಕಲ್ಲಿನಲ್ಲಿ ಬಂದಿದ್ದರೆ ದುಡ್ಡಾದರೂ ಉಳಿಯುತ್ತಿತ್ತು" ಎಂದು ನಕ್ಕರು, ನಗು ಕೆಮ್ಮಾಯಿತು, ಅಮ್ಮ ನನ್ನನ್ನು ಗದರಿಸಿ ಸ್ನಾನಕ್ಕೆ ಕಳುಹಿಸಿದರು. ಬಚ್ಚಲಿನ ಹಂಡೆಯ ಬಿಸಿನೀರನ್ನು ತಲೆಗೆ ಹೊಯ್ದುಕೊಳ್ಳುತ್ತಿದ್ದಾಗ ನನಗೆ ಬಂದ ಅಳು ನೀರಿನೊಡನೆ ಹರಿದು ಹೋಯಿತು, ಯಾರಿಗೂ ತಿಳಿಯಲಿಲ್ಲ.

ತಂದೆಯವರು ಆ ಮೇಲೆ ಏಳು ವರ್ಷ ಬದುಕಿದರು. ಅವರು ತೀರಿಕೊಂಡಾಗ ನಾನು ರಜೆಯ ಮೇಲೆ ಮನೆಯಲ್ಲಿಯೇ, ಅವರ ಮಂಚದ ಪಕ್ಕದಲ್ಲಿಯೇ ಇದ್ದೆನಾದ್ದರಿಂದ ಆ ಸಲ ಪುಸ್ತಕದಲ್ಲಿ ಬರೆಯತಕ್ಕ ದೂರವೇನೂ ಇರಲಿಲ್ಲ.

ಅನಂತರದ ವರ್ಷಗಳಲ್ಲಿ ವಿಮಾನಯಾನವು ನಮ್ಮಂತಹವರಿಗೂ ಬಸ್ಸಿನಷ್ಟೇ ರೂಢಿಯಾಯಿತು. ಬಜಪೆಯ ಹಳೆಯ ಓಡುದಾರಿಯು 1,615 ಮೀಟರು ಮಾತ್ರ ಉದ್ದವಿದ್ದುದರಿಂದ, 2006ರಲ್ಲಿ 2,450 ಮೀಟರಿನ ಹೊಸದೊಂದನ್ನು ಮಾಡಿದರು. ಬೆಂಗಳೂರಿನಲ್ಲಿ 2008ರ ಮೇ 24ರಿಂದ ಎಚ್.ಎ.ಎಲ್. ನಿಲ್ದಾಣದ ಪ್ರಯಾಣಿಕ ಸಂಚಾರವು ನಿಂತು, ದೇವನಹಳ್ಳಿಯ ಹೊಸ ನಿಲ್ದಾಣವು ತೆರೆಯಿತು. ಗಣಿತಕ್ಕೆ ಇದರಿಂದ ಆದ ವ್ಯತ್ಯಾಸ ಐದಾರು ಕಿಲೋಮೀಟರು. ನಗರದ ತೆಂಕಣ ಭಾಗದಲ್ಲಿರುವ ನನ್ನಂತಹವನಿಗೆ ಆದ ವ್ಯತ್ಯಾಸವೆಂದರೆ, ನಿಲ್ದಾಣಕ್ಕೆ ಹೋಗುವ ಹೊತ್ತು ಹಾರಾಡುವ ಹೊತ್ತನ್ನು ಮೀರಿಸಿದ್ದು. ವೇಳಾಪಟ್ಟಿಯಲ್ಲಿ ಅಚ್ಚಾಗುವ ಒಂದು ಗಂಟೆ ಐದು ನಿಮಿಷವೂ ಹಾರಾಟದ ಹೊತ್ತಲ್ಲವೆಂದು ನಾನು ಕ್ರಮೇಣ ಅರಿತುಕೊಂಡೆ. ಚಕ್ರದ ಅಡ್ಡೆಯನ್ನು ತೆಗೆದ ಗಳಿಗೆಯಿಂದ ಆಚೆಯ ಊರಿನಲ್ಲಿ ಮತ್ತೆ ಅಡ್ಡೆಯನ್ನು ಕೊಡುವ ಗಳಿಗೆಯವರೆಗಿನ ಕಾಲವನ್ನು ಅವರು ಬ್ಲಾಕ್ ಟೈಮ್ ಎನ್ನುತ್ತಾರೆ; ಓಡುದಾರಿಯ ತುದಿಗೆ ತೆವಳಿಕೊಂಡು ಹೋಗುವುದು, ಸರದಿ ಕಾಯುವುದು, ಗಾಳಿ ಮೂಡಣದಿಂದ ಬೀಸುತ್ತಿದ್ದರೆ ಮೊದಲು ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ಏರಿ ಬಳಿಕ ತಿರುಗಿಕೊಳ್ಳುವುದು ಇವೆಲ್ಲ ಅದರಲ್ಲಿ ಅಡಗಿವೆ. ಇಷ್ಟು ಕಿರಿದಾದ ದಾರಿಯಲ್ಲಿ ಜೆಟ್ ವಿಮಾನವು ಏರಿ ಮುಗಿಸುವಷ್ಟರಲ್ಲಿಯೇ ಇಳಿಯಲು ಪ್ರಾರಂಭಿಸಬೇಕಾಗುತ್ತದೆ. ತನ್ನ ಪೂರ್ಣವೇಗವನ್ನು ತೋರಿಸಲು ಅದಕ್ಕೆ ಎಡೆಯೇ ದೊರೆಯುವುದಿಲ್ಲ. ಇದನ್ನೆಲ್ಲ ಅರಿತಾಗ ನನಗೆ ತಂದೆಯವರ ನೆನಪಾಗಿ ನಗು ಬಂದಿತು: ವಿಮಾನದವರು ಕೂಡ ಘಟ್ಟದ ಬಾಬ್ತನ್ನು ಬಲ್ಲರು, ಅವರು ಅದನ್ನು ಬೇರೆಯಾಗಿ ಬರೆಯದೆ ಮೊತ್ತದಲ್ಲಿಯೇ ಸೇರಿಸಿಬಿಡುತ್ತಾರೆ, ಅಷ್ಟೆ.

ಬಜಪೆಯ ಆ ಪದವಿನ ಕುರಿತು ನಗುವಿಲ್ಲದೆ ಹೇಳಬೇಕಾದ ಮಾತೂ ಒಂದುಂಟು. ನಮ್ಮ ಪದವುಗಳು ಮೇಲೆ ಎಷ್ಟು ಸಮವೋ ಅಂಚಿನಲ್ಲಿ ಅಷ್ಟು ಕಡಿದು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನವೊಂದು ಓಡುದಾರಿಯಲ್ಲಿ ನಿಲ್ಲಲಾರದೆ ಅಂಚನ್ನು ದಾಟಿ ಕೆಳಗಿನ ಕಣಿವೆಗೆ ಬಿದ್ದು 158 ಮಂದಿ ಮಡಿದರು. ಉಳಿದುಕೊಂಡವರು ಎಂಟು ಮಂದಿ. ಅರಬ್ಬೀ ಕಡಲನ್ನೇ ದಾಟಿ ಬಂದವರಿಗೆ ಉಳಿದಿದ್ದ ದೂರ ಎಷ್ಟು ಅಲ್ಪ! ಆ ದಿನ ನಾನು ತಂದೆಯವರ ಪುಸ್ತಕವನ್ನು ತೆರೆದು ಬಹಳ ಹೊತ್ತು ಕುಳಿತಿದ್ದು, ಏನನ್ನೂ ಬರೆಯದೆ ಮುಚ್ಚಿಟ್ಟೆ.

ಮೊಮ್ಮಗನೊಡನೆ ಹೊರಟ ಈ ಸಲದ ಪ್ರಯಾಣಕ್ಕೆ ಆ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆ. ಅಂಚುಗಳನ್ನು ಜಿರಳೆ ತಿಂದಿವೆ, ಶಾಯಿ ಕಂದಿದೆ. ಗೆರೆಗಳು ಮಾತ್ರ ಅಡ್ಡಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿವೆ. ಬೆಳಗ್ಗೆ ಮೂರು ಮುಕ್ಕಾಲಿಗೆ ಮನೆ ಬಿಟ್ಟಿದ್ದೆವು. ಚಕ್ರವು ನೆಲ ಬಿಟ್ಟಾಗ ಏಳು ಗಂಟೆ ಎರಡು ನಿಮಿಷ. ಬಜಪೆಯಲ್ಲಿ ನೆಲ ಮುಟ್ಟಿದಾಗ ಏಳು ಮೂವತ್ತೆಂಟು. ಮೂವತ್ತಾರೇ ನಿಮಿಷ! ಮೊಮ್ಮಗನು ಕಿವಿಗೆ ಸಿಕ್ಕಿಸಿಕೊಂಡ ಹಾಡು ಮುಗಿಯುವುದರೊಳಗೆ ಘಟ್ಟ ಸರಿದು ಹೋಗಿತ್ತು. ಅವನು ಒಮ್ಮೆಯೂ ಕೆಳಗೆ ನೋಡಲಿಲ್ಲ. ತಂಗಿಯ ಮನೆಯ, ಎಂದರೆ ನಮ್ಮ ಹಳೆಯ ಮನೆಯ, ಅಂಗಳವನ್ನು ತುಳಿದಾಗ ಒಂಬತ್ತು ಮುಕ್ಕಾಲು. ಕಾಲು ತೊಳೆಯುವುದಕ್ಕೂ ಮೊದಲು ಚಾವಡಿಯಲ್ಲಿ ಕುಳಿತು ಬರೆದೆ: 'ವಿಮಾನ 36 ನಿಮಿಷ. ಘಟ್ಟದ ಬಾಬ್ತು 5 ಗಂಟೆ 24 ನಿಮಿಷ.' ಮೊಮ್ಮಗನು ಹೆಗಲ ಮೇಲಿನಿಂದ ಬಗ್ಗಿ ನೋಡಿ, ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವುತ್ತ 1952ರ ಸೂರ್ಯನ ಲೆಕ್ಕದ ಬಳಿ ನಿಂತನು. "ಇದು ಈಗಲೂ ಹದಿನೆಂಟೇ ಇರುತ್ತದೆಯೆ ಅಜ್ಜ?" ಎಂದು ಕೇಳಿದನು. ಫೋನಿನಲ್ಲಿ ಉತ್ತರ ದೊರೆಯದ ಪ್ರಶ್ನೆಯೊಂದನ್ನು ಅವನು ಕೇಳಿದುದು ಅದೇ ಮೊದಲು.

ಆ ಸಂಗತಿಯನ್ನು ಪರೀಕ್ಷಿಸಲು ಜನವರಿಯೇ ಬರಬೇಕಾಗಿತ್ತು. ಈ ವರ್ಷ ಮೊದಲ ಭಾನುವಾರದ ಬೆಳಗ್ಗೆ ನಾನು ಬೆಂಗಳೂರಿನ ಮನೆಯ ತಾರಸಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತೆನು. ಪತ್ರಿಕೆಯಲ್ಲಿ ಸೂರ್ಯೋದಯ 6.42 ಎಂದಿತ್ತು. ಹನ್ನೊಂದು ನಿಮಿಷ ಕಳೆದ ಮೇಲೆ ಊರಿಗೆ ಫೋನು ಮಾಡಿದೆ. ತಂಗಿ ಒಲೆಯ ಮುಂದಿನಿಂದ ಎದ್ದು ಬಂದಿದ್ದಳು.

"ತುಳಸಿಕಟ್ಟೆಗೆ ಬಿಸಿಲು ಬಿತ್ತೆ?"

"ಎಲ್ಲಿಯ ಬಿಸಿಲು ಅಣ್ಣ, ಇನ್ನೂ ಚಳಿ ಉಂಟು."

ಫೋನನ್ನು ಇಡಬೇಡ, ಕಟ್ಟೆಯ ಹತ್ತಿರ ಹೋಗಿ ನಿಂತಿರು ಎಂದೆ. ಯಾಕೆಂದು ಅವಳು ಕೇಳಲಿಲ್ಲ, ಮಾಷ್ಟ್ರ ಮಗಳಲ್ಲವೆ! ಹೇಳುವುದಕ್ಕೆ ಇಬ್ಬರಲ್ಲಿಯೂ ಹೆಚ್ಚಿನ ಮಾತಿರಲಿಲ್ಲ. ಅವಳ ಕಡೆಯಿಂದ ಕೋಳಿಯ ಕೂಗು, ಬಚ್ಚಲಿಗೆ ಸೌದೆ ಒಡೆಯುವ ಸದ್ದು, ದೂರದಲ್ಲಿ ಮೇಲೇರುತ್ತಿದ್ದ ವಿಮಾನದ ಗುಡುಗು ಕೇಳಿಸುತ್ತಿದ್ದುವು; ನನ್ನ ಕಡೆಯಿಂದ ಅವಳಿಗೆ ಏನು ಕೇಳಿಸುತ್ತಿತ್ತೋ ತಿಳಿಯೆ. ಹದಿನೆಂಟು ನಿಮಿಷವಾಯಿತು. ಹತ್ತೊಂಬತ್ತಾಯಿತು.

"ಹಾಂ, ಬಂತು ನೋಡು" ಎಂದಳು ಅವಳು. ನಾನು ಗಡಿಯಾರವನ್ನು ನೋಡಿದೆ. ಇಪ್ಪತ್ತು.

"ಎರಡು ನಿಮಿಷ ತಡ" ಎಂದೆನು.

"ಆಗ ಗುಡ್ಡೆಯಲ್ಲಿ ಬರೇ ಮುಳಿ ಇದ್ದದ್ದಲ್ವಾ ಅಣ್ಣ. ಈಗ ಅಕೇಶಿಯಾ ಹಾಕಿದ್ದಾರೆ. ಮರ ಎಲ್ಲ ದೊಡ್ಡ ಆಗಿದೆ. ಬಿಸಿಲು ಮೊದಲಿನ ಹಾಗೆ ಬೇಗ ಇಳಿಯುವುದಿಲ್ಲ."

ಮೊಮ್ಮಗನು ಪುಸ್ತಕವನ್ನೂ ಪೆನ್ನನ್ನೂ ತಂದುಕೊಟ್ಟನು. ಹನ್ನೊಂದನ್ನು ಮುಟ್ಟದೆ ಹಾಗೆಯೇ ಬಿಟ್ಟು, ಅದರ ಕೆಳಗೆ, ತಂದೆಯವರ ಹದಿನೆಂಟರ ಪಕ್ಕದಲ್ಲಿ, ಇಪ್ಪತ್ತು ಎಂದು ಬರೆಯಿಸಿದೆ.